ಒಳಗೆ ಕಲ್ಲಿಲ್ಲ, ಆದ್ರೂ ನೀರು ಹರೀತಿಲ್ಲ

ವೆಸ್ಟ್ ಆಫ್ ಕಾರ್ಡ್ ರೋಡಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಕಾಲೇಜಿಗೆ ಬರೋರಿಗೆ ಇದು ಗೊತ್ತಿರತ್ತೆ. ಕೋಚಿಂಗ್ ಸೆಂಟರ್, ಒಡವೆ ಅಂಗಡಿ, ಪಿಜಿ ಬೋರ್ಡುಗಳ ಮಧ್ಯೆ ಈಗ ಇನ್ನೊಂದು ಬಗೆಯ ಜಾಹೀರಾತು ಸೇರ್ಕೊಂಡಿದೆ: ರೋಬೋಟಿಕ್ ಸರ್ಜರಿ. ಚಿತ್ರದಲ್ಲಿ ನಾಲ್ಕು ತೋಳಿನ ಬಿಳಿ ಯಂತ್ರ, ಪಕ್ಕದಲ್ಲಿ ಕೈ ಕಟ್ಟಿ ನಿಂತು ನಗ್ತಿರೋ ಡಾಕ್ಟರು. ನೋಡಿದವರಿಗೆ ಯಂತ್ರವೇ ಕೆಲಸ ಮಾಡತ್ತೆ, ಡಾಕ್ಟರು ಮೇಲ್ವಿಚಾರಣೆಗೆ ಇರ್ತಾರೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ವಿಷಯ ಪೂರ್ತಿ ಉಲ್ಟಾ. ಆ ಯಂತ್ರಕ್ಕೆ ಸ್ವಂತ ಬುದ್ಧಿ ಅನ್ನೋದೇ ಇಲ್ಲ. ಡಾಕ್ಟರ ಬೆರಳು ಅಲ್ಲಾಡದೆ ಅದರ ತುದಿ ಒಂದು ಮಿಲಿಮೀಟರೂ ಅಲ್ಲಾಡಲ್ಲ.

ಹಾಗಾದ್ರೆ ಅದರಿಂದ ಆಗೋ ಉಪಯೋಗ ಏನು? ಅದು ಏನನ್ನು ಕೊಡತ್ತೆ, ಏನನ್ನು ಕಿತ್ಕೊಳ್ಳತ್ತೆ? ಇದನ್ನ ಸುಮ್ಮನೆ ಸಾಮಾನ್ಯವಾಗಿ ಹೇಳೋದಕ್ಕಿಂತ ಒಂದೇ ಒಂದು ಕಾಯಿಲೆ ಹಿಡ್ಕೊಂಡು ನೋಡಿದ್ರೆ ಚೆನ್ನಾಗಿ ಅರ್ಥ ಆಗತ್ತೆ ಅಂತ ನಮಗನ್ನಿಸಿತು. ನಾವು ಆರಿಸ್ಕೊಂಡಿರೋದು ಬಹಳ ಅಪರೂಪದ ಕಾಯಿಲೆ. ಹೆಸರು ರೆಟ್ರೋಪೆರಿಟೋನಿಯಲ್ ಫೈಬ್ರೋಸಿಸ್. ಹೆಸರು ಕೇಳಿ ಹೆದರಬೇಡಿ, ಬಿಡಿಸಿ ಓದೋಣ. ನಮ್ಮ ಕರುಳು, ಜಠರ ಎಲ್ಲವನ್ನೂ ಹೊದಿಸಿರೋ ತೆಳು ಪೊರೆಗೆ ಪೆರಿಟೋನಿಯಂ ಅಂತಾರೆ. ರೆಟ್ರೋ ಅಂದ್ರೆ ಹಿಂದೆ. ಆ ಪೊರೆಗೂ ಬೆನ್ನುಮೂಳೆಗೂ ನಡುವಿನ ಜಾಗದಲ್ಲಿ ಕಿಡ್ನಿ, ಮಹಾಪಧಮನಿ, ಮಹಾಸಿರೆ, ಮೂತ್ರನಾಳಗಳು ಇವೆ. ಅಲ್ಲಿ ಮೆತ್ತಗಿರಬೇಕಾದ ಕೊಬ್ಬಿನ ಜಾಗದಲ್ಲಿ ಗಟ್ಟಿ ನಾರು ಬೆಳೆಯೋದು ಫೈಬ್ರೋಸಿಸ್. ಗಾಯ ಮಾಗಿದ ಮೇಲೆ ಚರ್ಮದ ಮೇಲೆ ಉಳಿಯೋ ಗಟ್ಟಿ ಕಲೆ ಇರತ್ತಲ್ಲ, ಹೆಚ್ಚುಕಡಿಮೆ ಅದೇ ವಸ್ತು. ಆದರೆ ಇಲ್ಲಿ ಯಾವ ಗಾಯವೂ ಆಗಿರಲ್ಲ.

ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಮೂತ್ರನಾಳದ ಚಿತ್ರ ಬರೆದು ಭಾಗ ಗುರುತಿಸಿ ಅಂಕ ತಗೊಂಡಿದ್ದೀವಿ. ಎರಡು ಹುರುಳಿಕಾಳು, ಅದರಿಂದ ಇಳಿದ ಎರಡು ಗೆರೆ, ಕೆಳಗೊಂದು ಚೀಲ. ಆ ಗೆರೆಯನ್ನ ನಾವೆಲ್ಲ ಪಿವಿಸಿ ಪೈಪ್ ಥರ ಅಂದ್ಕೊಂಡು ಮುಂದೆ ಹೋಗಿರ್ತೀವಿ. ಮೇಲಿಂದ ನೀರು ಬಿಟ್ಟರೆ ಕೆಳಗೆ ಬೀಳತ್ತೆ, ಅಷ್ಟೇ ಅಂತ. ಹಾಗಿದ್ದಿದ್ರೆ ಮಲಗಿದಾಗ ಏನಾಗಬೇಕಿತ್ತು? ತಲೆ ಕೆಳಗಾಗಿ ನಿಂತರೆ? ಮೂತ್ರನಾಳ ಅನ್ನೋದು ಪೈಪ್ ಅಲ್ಲ, ಪಂಪು. ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ, ಒಳಗಿನ ದಾರಿ 3-4 ಮಿಲಿಮೀಟರ್. ಗೋಡೆಯ ತುಂಬ ಸ್ನಾಯು. ಕಿಡ್ನಿಯ ಹತ್ತಿರ ಇರೋ ಕೆಲವು ಜೀವಕೋಶಗಳು ತಾಳ ಹಾಕಿಕೊಡ್ತವೆ, ಅಲ್ಲಿಂದ ಒಂದು ಹಿಸುಕೋ ಅಲೆ ಹುಟ್ಟಿ ಕೆಳಗಿನವರೆಗೂ ಓಡತ್ತೆ. ನಿಮಿಷಕ್ಕೆ ಎರಡರಿಂದ ಆರು ಸಲ. ಶಾಲೆ ಗೇಟಿನ ಹತ್ತಿರ ಉದ್ದ ಪ್ಲಾಸ್ಟಿಕ್ ಕೊಳವೆಯಲ್ಲಿ ಸಿಗ್ತಿದ್ದ ಐಸ್ ನೆನಪಿದ್ಯಾ? ಅದನ್ನ ಹಿಂದಿನಿಂದ ಒತ್ತಿ ಒತ್ತಿ ಬಾಯಿಗೆ ತರ್ತಿದ್ವಲ್ಲ, ಅದೇ ತತ್ತ್ವ. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ತಳ್ಳೋಕೆ ಬಳಸೋ ಪೆರಿಸ್ಟಾಲ್ಟಿಕ್ ಪಂಪೂ ಇದೇ.

ಇಲ್ಲಿಗೆ ಬಂದ ಮೇಲೆ ಕಾಯಿಲೆ ಸುಲಭವಾಗಿ ಅರ್ಥ ಆಗತ್ತೆ. ಕಿಡ್ನಿ ಕಲ್ಲು ಅಂದ್ರೆ ಪೈಪಿನ ಒಳಗೆ ಏನೋ ಸಿಕ್ಕಿಕೊಂಡಿದೆ. ತಡ್ಕೊಳ್ಳೋಕೆ ಆಗದ ನೋವು, ಆಟೋ ಹಿಡಿದು ರಾತ್ರೋರಾತ್ರಿ ಆಸ್ಪತ್ರೆ. ಈ ಫೈಬ್ರೋಸಿಸ್‌ನಲ್ಲಿ ಒಳಗೆ ಏನೂ ಇಲ್ಲ. ಹೊರಗಿನಿಂದ ನಾರಿನ ಕವಚ ಬೆಳೆದು ಮೂತ್ರನಾಳವನ್ನ ಸುತ್ತಿಕೊಂಡಿರತ್ತೆ. ಆ ಐಸಿನ ಪ್ಲಾಸ್ಟಿಕ್ ಕೊಳವೆಯನ್ನ ಸಿಮೆಂಟಿನಲ್ಲಿ ಹೂತಿಟ್ಟ ಹಾಗೆ. ತಮಾಷೆ ಏನಂದ್ರೆ, ಇಂಥ ಎಷ್ಟೋ ರೋಗಿಗಳಲ್ಲಿ ಡಾಕ್ಟರು ಕೆಳಗಿನಿಂದ ಒಂದು ಸಣ್ಣ ಟ್ಯೂಬ್ ತೂರಿಸಿದರೆ ಅದು ಸಲೀಸಾಗಿ ಮೇಲಕ್ಕೆ ಹೋಗತ್ತೆ! ದಾರಿ ಪೂರ್ತಿ ಮುಚ್ಚಿಲ್ಲ. ಆದ್ರೂ ಮೂತ್ರ ಇಳೀತಿಲ್ಲ. ಯಾಕಂದ್ರೆ ಗೋಡೆ ಅಲ್ಲಾಡೋಕಾಗದೆ ಪಂಪು ನಿಂತಿದೆ. ನಮ್ಮ ಪಶ್ಚಿಮ ಬೆಂಗಳೂರಿನ ವೃಷಭಾವತಿಯನ್ನ ಮೈಸೂರು ರಸ್ತೆ ಉದ್ದಕ್ಕೂ ಎರಡೂ ಕಡೆಯಿಂದ ಗೋಡೆ ಕಟ್ಟಿ ಹಿಂಡಿರೋದು ನೋಡೇ ಇರ್ತೀರಿ. ಅಲ್ಲೂ ಹೊರಗಿನಿಂದಲೇ ಒತ್ತಡ. ಹೋಲಿಕೆ ಅಷ್ಟಕ್ಕೇ ನಿಲ್ಲತ್ತೆ ಬಿಡಿ, ನದಿಗೆ ಪೆರಿಸ್ಟಾಲ್ಸಿಸ್ ಇಲ್ಲ.

ಈ ನಾರು ಸಾಮಾನ್ಯವಾಗಿ ಶುರುವಾಗೋದು ಹೊಕ್ಕುಳಿನ ಹಿಂಭಾಗದಲ್ಲಿ, ಸೊಂಟದ 4ನೇ-5ನೇ ಮೂಳೆಯ ಮಟ್ಟದಲ್ಲಿ, ಮಹಾಪಧಮನಿ ಎರಡು ಕವಲಾಗಿ ಕಾಲುಗಳ ಕಡೆ ಹೋಗೋ ಜಾಗದ ಸುತ್ತ. ಅಲ್ಲಿಂದ ಪಕ್ಕಕ್ಕೆ ಹರಡಿ ಎಡ-ಬಲದ ಮೂತ್ರನಾಳಗಳನ್ನ ತಬ್ಬಿ ನಡುವಿಗೆ ಎಳೀತದೆ. ಸಿಟಿ ಸ್ಕ್ಯಾನಿನಲ್ಲಿ ಎರಡು ಗೆರೆ ದೂರದೂರ ಇಳಿಯೋ ಬದಲು ಒಳಕ್ಕೆ ಬಾಗಿರೋದು ಕಂಡರೆ ರೇಡಿಯಾಲಜಿಸ್ಟ್‌ಗೆ ಅನುಮಾನ ಬರತ್ತೆ. 1905ರಲ್ಲೇ ಫ್ರಾನ್ಸಿನಲ್ಲಿ ಆಲ್ಬರಾನ್ ಅನ್ನೋ ಸರ್ಜನ್ ಇದನ್ನ ಬರೆದಿಟ್ಟಿದ್ದರು. ಆದರೆ 1948ರಲ್ಲಿ ಅಮೆರಿಕದ ಜಾನ್ ಆರ್ಮಂಡ್ ಇಬ್ಬರು ರೋಗಿಗಳ ವಿವರ ಪ್ರಕಟಿಸಿದ ಮೇಲೇ ಜಗತ್ತು ಗಮನಿಸಿದ್ದು. ಅದಕ್ಕೇ ಇದಕ್ಕೆ ಆರ್ಮಂಡ್ ಕಾಯಿಲೆ ಅಂತಲೂ ಹೆಸರು. ಮೊದಲು ಬರೆದವರಿಗೆ ಹೆಸರು ಸಿಗಲಿಲ್ಲ ನೋಡಿ.

ಎಷ್ಟು ಅಪರೂಪ? ಫಿನ್ಲೆಂಡಿನ ಲೆಕ್ಕದಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ 0.1, ನೆದರ್ಲೆಂಡ್ಸಿನ ಲೆಕ್ಕದಲ್ಲಿ 1.3. ಆ ದರ ಇಲ್ಲಿಗೂ ಹೊಂದತ್ತೆ ಅಂತ ಇಟ್ಕೊಂಡ್ರೆ ಒಂದು ಕೋಟಿಗೂ ಮೀರಿದ ಜನ ಇರೋ ಬೆಂಗಳೂರಲ್ಲಿ ವರ್ಷಕ್ಕೆ ಹತ್ತರಿಂದ ನೂರ ಮೂವತ್ತು ಜನ. ಹೆಚ್ಚಾಗಿ 40ರಿಂದ 60 ವಯಸ್ಸಿನವರು, ಅದರಲ್ಲೂ ಗಂಡಸರು. ಅಂದ್ರೆ ನಮ್ಮ ವಯಸ್ಸಲ್ಲ, ನಮ್ಮ ಅಪ್ಪ, ಚಿಕ್ಕಪ್ಪ, ಸೋದರಮಾವಂದಿರ ವಯಸ್ಸು.

ಕಾರಣ? ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಇಂಥದ್ದೇ ಅಂತ ಬೆರಳು ತೋರಿಸೋಕಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳೋದರಿಂದ ಅನ್ನೋದು ಈಗಿನ ತಿಳಿವಳಿಕೆ. ಒಂದಷ್ಟು ಜನರಲ್ಲಿ ಐಜಿಜಿ4 ಅನ್ನೋ ಪ್ರತಿಕಾಯಕ್ಕೆ ಸಂಬಂಧಪಟ್ಟ, ಮೇದೋಜೀರಕ, ಜೊಲ್ಲಿನ ಗ್ರಂಥಿಗಳಲ್ಲೂ ಕಾಣಿಸ್ಕೊಳ್ಳೋ ಕಾಯಿಲೆಯ ಭಾಗವಾಗಿ ಇದು ಬರತ್ತೆ. ಉಳಿದವರಲ್ಲಿ ಕ್ಯಾನ್ಸರ್, ಕ್ಷಯ, ರೇಡಿಯೇಷನ್, ಮೈಗ್ರೇನ್‌ಗೆ ಹಿಂದೆ ಕೊಡ್ತಿದ್ದ ಮೆಥಿಸರ್ಜೈಡ್ ಅನ್ನೋ ಮಾತ್ರೆ, ಹೀಗೆ.

ಇದರಲ್ಲಿ ನಮ್ಮ ಕಡೆಯವರು ಸ್ವಲ್ಪ ನಿಂತು ಓದಬೇಕಾದ್ದು ಇನ್ನೊಂದಿದೆ. 2004ರಲ್ಲಿ ಫಿನ್ಲೆಂಡಿನ, 2014ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನಗಳು ಆಸ್ಬೆಸ್ಟಾಸ್ ಧೂಳಿಗೂ ಈ ಕಾಯಿಲೆಗೂ ನಂಟು ಇದೆ ಅಂತ ತೋರಿಸಿದವು. ಜೊತೆಗೆ ಸಿಗರೇಟೂ ಇದ್ದರೆ ಅಪಾಯ ಇನ್ನೂ ಏರತ್ತೆ. ಕಾಮಾಕ್ಷಿಪಾಳ್ಯ, ಪೀಣ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್ ಕಡೆ ಹಳೇ ಶೆಡ್ಡುಗಳ ಮೇಲೆ ಬೂದು ಶೀಟು ನೋಡದವರು ಯಾರು? ಸುಮ್ಮನೆ ಮೇಲೆ ಕೂತಿರೋ ಶೀಟಿಗಿಂತ ಅದನ್ನ ಕೊಯ್ಯೋವಾಗ, ತೂತು ಕೊರೆಯೋವಾಗ, ಒಡೆಯೋವಾಗ ಏಳೋ ಧೂಳೇ ಮುಖ್ಯ ಅಪಾಯ. ಸಿವಿಲ್‌ನವರೇ, ಸೈಟ್ ವಿಸಿಟಿಗೆ ಹೋದಾಗ ಆ ಕೆಲಸ ಮಾಡ್ತಿರೋರ ಮುಖಕ್ಕೆ ಒಂದು ಕರ್ಚೀಫಾದ್ರೂ ಇದ್ಯಾ ನೋಡಿ. ಕರ್ಚೀಫ್ ಸಾಲದು ಅನ್ನೋದು ಬೇರೆ ಮಾತು.

ಈ ಕಾಯಿಲೆ ನಿಜಕ್ಕೂ ಕೆಟ್ಟದಾಗೋದು ಅದರ ಮೌನದಿಂದ. ಲಕ್ಷಣ ಏನು? ಸೊಂಟದ ಮೇಲೆ, ಪಕ್ಕೆಯಲ್ಲಿ, ಹೊಟ್ಟೆಯ ಕೆಳಗೆ ಒಂದು ಮಂಕು ನೋವು. ಕೂತರೂ ಅದೇ, ಎದ್ದರೂ ಅದೇ. ಸುಸ್ತು, ಊಟ ಸೇರಲ್ಲ, ಸ್ವಲ್ಪ ತೂಕ ಇಳಿಯತ್ತೆ. ಕೆಲವರಿಗೆ ಕಾಲು ಊತ, ಗಂಡಸರಿಗೆ ವೃಷಣದಲ್ಲಿ ನೋವು ಅಥವಾ ಊತ. ಇದನ್ನ ನಮ್ಮ ಮನೆಗಳಲ್ಲಿ ಹೇಗೆ ಓದ್ತಾರೆ ಅಂತ ಹೇಳಬೇಕಾಗಿಲ್ಲ. ಗ್ಯಾಸ್ ಇರಬೇಕು. ಟೂ ವೀಲರ್ ಜಾಸ್ತಿ ಓಡಿಸಿದ್ದಕ್ಕೆ ಸೊಂಟ ಹಿಡ್ಕೊಂಡಿದೆ. ಒಂದು ಎಣ್ಣೆ ಹಚ್ಚಿ, ಮೆಡಿಕಲ್ ಸ್ಟೋರಿಂದ ಒಂದು ನೋವಿನ ಮಾತ್ರೆ ತನ್ನಿ. ನೋವಿನ ಮಾತ್ರೆ ತಗೊಂಡ್ರೆ ಈ ನೋವು ಸ್ವಲ್ಪ ಕಮ್ಮಿಯೂ ಆಗತ್ತೆ, ಅದೇ ಮೋಸ. ಅದೇ ಮಾತ್ರೆಗಳು ಈಗಾಗಲೇ ಒತ್ತಡದಲ್ಲಿರೋ ಕಿಡ್ನಿಗೆ ಇನ್ನೊಂದು ಪೆಟ್ಟು ಕೊಡ್ತವೆ.

ಇನ್ನು ರಕ್ತ ಪರೀಕ್ಷೆ. ಕ್ರಿಯಾಟಿನಿನ್ ನಾರ್ಮಲ್ ಬಂದ್ರೆ ಕಿಡ್ನಿ ಚೆನ್ನಾಗಿದೆ ಅಂತ ಎಲ್ಲರೂ ನಿಟ್ಟುಸಿರು ಬಿಡ್ತೀವಿ. ಎರಡು ಮೋಟಾರ್ ಇರೋ ಅಪಾರ್ಟ್‌ಮೆಂಟ್ ಊಹಿಸ್ಕೊಳ್ಳಿ. ಒಂದು ಮೋಟಾರ್ ನಿಧಾನಕ್ಕೆ ಸುಟ್ಟುಹೋಗಿದೆ. ಇನ್ನೊಂದು ಜಾಸ್ತಿ ಹೊತ್ತು ಓಡಿ ಟ್ಯಾಂಕ್ ತುಂಬಿಸ್ತಿದೆ. ಮೇಲಿನ ಮನೆಯವರ ನಲ್ಲಿಯಲ್ಲಿ ನೀರು ಬರ್ತಿರೋವರೆಗೂ ಯಾರೂ ಕಂಪ್ಲೇಂಟ್ ಮಾಡಲ್ಲ. ಎರಡನೇದೂ ಕೈ ಕೊಟ್ಟ ದಿನ ವಾಟ್ಸ್ಯಾಪ್ ಗ್ರೂಪಿಗೆ ಬೆಂಕಿ ಬೀಳತ್ತೆ. ಕಿಡ್ನಿಯ ಕಥೆಯೂ ಅದೇ. ಒಂದು ಪೂರ್ತಿ ಹಾಳಾದರೂ ಕ್ರಿಯಾಟಿನಿನ್ ಹೆಚ್ಚೇನೂ ಹೇಳದೆ ಇರಬಹುದು. ಹೇಳೋದು ಅಲ್ಟ್ರಾಸೌಂಡ್. ಕಿಡ್ನಿಯೊಳಗೆ ಮೂತ್ರ ಕಟ್ಟಿಕೊಂಡು ಊದಿರೋದು, ಡಾಕ್ಟರ ಭಾಷೆಯಲ್ಲಿ ಹೈಡ್ರೋನೆಫ್ರೋಸಿಸ್, ಮಾಮೂಲಿ ಸ್ಕ್ಯಾನಿಂಗ್ ಸೆಂಟರಿನಲ್ಲೇ ಸಾಮಾನ್ಯವಾಗಿ ಕಾಣತ್ತೆ. ಕಲ್ಲು ಕಾಣದೆ ಬರೀ ಊತ ಕಂಡರೆ ಅಲ್ಲಿಂದ ಸಿಟಿ ಸ್ಕ್ಯಾನ್, ಇಎಸ್‌ಆರ್, ಸಿಆರ್‌ಪಿ ಅಂತ ಮುಂದಿನ ದಾರಿ.

ಊದಿದರೆ ಕಿಡ್ನಿ ಯಾಕೆ ಹಾಳಾಗಬೇಕು? ಇದು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್. ಕಿಡ್ನಿಯ ಸೋಸುಕದಲ್ಲಿ ರಕ್ತದ ಕಡೆಯಿಂದ ಸುಮಾರು 60 ಮಿಲಿಮೀಟರ್ ಪಾದರಸದ ಒತ್ತಡ ಹೊರಕ್ಕೆ ತಳ್ಳತ್ತೆ. ರಕ್ತದ ಪ್ರೋಟೀನುಗಳು ಸುಮಾರು 32ರಷ್ಟು ಒಳಕ್ಕೆ ಎಳೀತವೆ, ಆಚೆ ಕಡೆ ತುಂಬಿರೋ ದ್ರವ 18ರಷ್ಟು ಎದುರು ಒತ್ತತ್ತೆ. ಉಳಿದದ್ದು 10. ದಿನಕ್ಕೆ 180 ಲೀಟರ್ ಸೋಸೋ ಕಾರ್ಖಾನೆ ಓಡ್ತಿರೋದು ಈ ಹತ್ತರ ಮೇಲೆ. ನೀರಿನ ಲೆಕ್ಕಕ್ಕೆ ತಂದರೆ ಸುಮಾರು 13.6 ಸೆಂಟಿಮೀಟರ್ ಎತ್ತರದ ಕಂಬ, ಒಂದು ಗೇಣೂ ಇಲ್ಲ. ಕೆಳಗಿನ ಪಂಪು ನಿಂತು ಹಿಂದೊತ್ತಡ ಇಷ್ಟೇ ಇಷ್ಟು ಏರಿದರೂ ಸೋಸೋ ಕೆಲಸ ಕುಂಟತ್ತೆ. ದೇಹ ಒಂದಷ್ಟು ದಿನ ಹೊಂದಿಸ್ಕೊಳ್ಳತ್ತೆ ನಿಜ. ಆದರೆ ತಿಂಗಳುಗಟ್ಟಲೆ ಹೀಗೇ ಇದ್ದರೆ ಕಿಡ್ನಿಯ ಅಂಗಾಂಶ ತೆಳುವಾಗಿ, ಒಣಗಿ, ಆಮೇಲೆ ಅಡ್ಡಿ ತೆಗೆದರೂ ವಾಪಸ್ ಬರಲ್ಲ. ಹಾಗಾಗಿ ಇಲ್ಲಿ ಸಮಯವೇ ಎಲ್ಲಾ.

ಚಿಕಿತ್ಸೆ ಅಂದ್ರೆ ನೇರ ಆಪರೇಷನ್ ಅಲ್ಲ. ಜಾಹೀರಾತಿನಲ್ಲಿ ಇದು ಕಾಣಲ್ಲ, ಅದಕ್ಕೇ ಒತ್ತಿ ಹೇಳ್ತಿದ್ದೀವಿ. ಮೊದಲ ಕೆಲಸ ಕಿಡ್ನಿಯ ಒತ್ತಡ ಇಳಿಸೋದು. ಕೆಳಗಿನಿಂದ ದುರ್ಬೀನು ಹಾಕಿ ಸುಮಾರು 2 ಮಿಲಿಮೀಟರ್ ದಪ್ಪದ ಡಿಜೆ ಸ್ಟೆಂಟ್ ಇಡ್ತಾರೆ. ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಸುರುಳಿ ಇರೋದಕ್ಕೆ ಆ ಹೆಸರು. ಡಿಸ್ಕೋ ಡಿಜೆ ಅಲ್ಲ. ಪಂಪು ಕೆಟ್ಟ ಜಾಗಕ್ಕೆ ಒಂದು ಸಾದಾ ಪೈಪ್ ಇಟ್ಟ ಹಾಗೆ. ಅದು ಆಗದಿದ್ದರೆ ಬೆನ್ನ ಕಡೆಯಿಂದ ಕಿಡ್ನಿಗೇ ಟ್ಯೂಬ್. ಎರಡನೇ ಕೆಲಸ ಸ್ಟೀರಾಯ್ಡ್ ಮಾತ್ರೆ. ಹಸಿ ಇರೋ ನಾರು ಪ್ರೆಡ್ನಿಸೋಲೋನ್‌ಗೆ ಚೆನ್ನಾಗಿ ಕರಗತ್ತೆ, ಎಷ್ಟೋ ಜನಕ್ಕೆ ಚಾಕು ಮುಟ್ಟದೇ ವಾಸಿಯಾಗತ್ತೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಟಲಿಯ ಪ್ರಯೋಗವೊಂದು ಟ್ಯಾಮಾಕ್ಸಿಫೆನ್ ಜೊತೆ ಹೋಲಿಸಿ ನೋಡಿದಾಗ, ಕಾಯಿಲೆ ಮರುಕಳಿಸದ ಹಾಗೆ ತಡೆಯೋದರಲ್ಲಿ ಪ್ರೆಡ್ನಿಸೋನೇ ಮುಂದಿತ್ತು. ತಿಂಗಳುಗಟ್ಟಲೆ ತಗೋಬೇಕು, ಸಕ್ಕರೆ ಏರತ್ತೆ, ಮುಖ ಊದತ್ತೆ, ಮೂಳೆ ಸವೆಯತ್ತೆ, ಅದೂ ನಿಜ. ಸರ್ಜನ್ ಬರೋದು ಮಾತ್ರೆಗೆ ಬಗ್ಗದಾಗ, ಮಾತ್ರೆ ಕೊಡೋಕೆ ಆಗದಾಗ, ಸ್ಟೆಂಟ್ ತೆಗೆದ ಕೂಡಲೇ ಮತ್ತೆ ಕಟ್ಟಿಕೊಳ್ಳೋವಾಗ, ಅಥವಾ ಇದು ಕ್ಯಾನ್ಸರ್ ಅಲ್ಲ ತಾನೇ ಅಂತ ತುಂಡು ತೆಗೆದು ನೋಡಲೇಬೇಕಾದಾಗ.

ಆ ಆಪರೇಷನ್ನಿನ ಹೆಸರು ಯುರೆಟೆರೋಲೈಸಿಸ್. ಸರಳವಾಗಿ ಹೇಳಿದರೆ ಮೂತ್ರನಾಳವನ್ನ ಬಿಡಿಸಿಕೊಳ್ಳೋದು. ಗೋಡೆಯೊಳಗಿನ ಪೈಪ್ ಹಾಳಾಗದ ಹಾಗೆ ಪ್ಲಾಸ್ಟರಿಂಗ್ ಒಡೆಯೋ ಪ್ಲಂಬರ್ ಕೆಲಸ ಅನ್ಕೊಳ್ಳಿ. ಆದರೆ ಇಲ್ಲಿ ಪೈಪ್ ಮೆತ್ತಗೆ, ಗೋಡೆ ಗಟ್ಟಿ, ಪಕ್ಕದಲ್ಲೇ ದೇಹದ ಅತಿ ದೊಡ್ಡ ರಕ್ತನಾಳಗಳು. ಅದರಲ್ಲೂ ಮಹಾಸಿರೆಯ ಗೋಡೆ ತೆಳು, ಹರಿದರೆ ಹೊಲಿಯೋ ಹೊತ್ತಿಗೆ ಬಹಳ ರಕ್ತ ಹೋಗಿರತ್ತೆ. ಹಿಂದೆಲ್ಲ ಹೊಟ್ಟೆಯನ್ನ ಮೇಲಿಂದ ಕೆಳಗೆ ಉದ್ದಕ್ಕೆ ಸೀಳಿ ಮಾಡ್ತಿದ್ದರು. 1992ರಲ್ಲಿ ಲ್ಯಾಪರೋಸ್ಕೋಪಿಯಲ್ಲೂ ಮಾಡಬಹುದು ಅಂತ ತೋರಿಸಿದರು. ರೋಬೋಟ್ ಬಂದದ್ದು ಅದಾದ ಮೇಲೆ, 2000ದ ದಶಕದಲ್ಲಿ.

ಲ್ಯಾಪರೋಸ್ಕೋಪಿಯ ಕಷ್ಟ ಏನು? ನಮ್ಮೂರ ಕಡೆ ಮಾವಿನಕಾಯಿ ಕೀಳೋ ದೋಟಿ ನೋಡಿರ್ತೀರಿ. ದೋಟಿಯಿಂದ ಕಾಯಿ ಕೀಳಬಹುದು, ಕೊಂಬೆ ಎಳೀಬಹುದು. ಅದೇ ದೋಟಿಯಿಂದ ಆ ತೊಟ್ಟಿಗೆ ದಾರ ಸುತ್ತಿ ಗಂಟು ಹಾಕಿ ಅಂದ್ರೆ? ಲ್ಯಾಪರೋಸ್ಕೋಪಿಯ ಉಪಕರಣ ಒಂದು ಪುಟ್ಟ ದೋಟಿ. ಹೊಟ್ಟೆಯ ತೂತೇ ಅದರ ಕೀಲು. ಒಳಗೆ-ಹೊರಗೆ, ತನ್ನ ಸುತ್ತ ತಿರುಗೋದು, ಎಡ-ಬಲ, ಮೇಲೆ-ಕೆಳಗೆ. ನಾಲ್ಕೇ ಡಿಗ್ರೀಸ್ ಆಫ್ ಫ್ರೀಡಮ್, ಜೊತೆಗೆ ಕಚ್ಚೋ ಬಾಯಿ. ಅದೂ ಏತದ ಹಾಗೆ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ಮೂತ್ರನಾಳ ಮೇಲಿಂದ ಕೆಳಗೆ ಬಾಗಿ ಬಳಸಿ ಹೋಗತ್ತೆ, ದೋಟಿ ಬಾಗಲ್ಲ. ನಾರಿನ ಹಿಂಬದಿಗೆ ತುದಿ ತಲುಪಬೇಕಂದ್ರೆ ಸರ್ಜನ್ನೇ ಸರ್ಕಸ್ ಮಾಡಬೇಕು. ಮಾಡ್ತಾರೆ, ಮಾಡೋ ನಿಪುಣರು ಇದ್ದಾರೆ. ಆದರೆ ಕಮ್ಮಿ.

ರೋಬೋಟ್ ಕೊಡೋದು ಮಣಿಕಟ್ಟು. ಡಾ ವಿಂಚಿ ಅನ್ನೋ ಹೆಸರಿನ ಯಂತ್ರಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕನಿಗೆ ದೂರದಲ್ಲಿ ಕೂತ ಸರ್ಜನ್ ಆಪರೇಷನ್ ಮಾಡೋ ಹಾಗಿರಬೇಕು ಅನ್ನೋ ಸಂಶೋಧನೆಯಿಂದ ಹುಟ್ಟಿದ್ದು. ಸುಮಾರು 8 ಮಿಲಿಮೀಟರ್ ದಪ್ಪದ ಕೋಲಿನ ತುದಿಯಲ್ಲಿ ಎರಡು ಕಡೆ ಬಾಗೋ ಪುಟ್ಟ ಕೀಲು. ಮೆಕ್ಯಾನಿಕಲ್‌ನವರು ಕೇಳಿ: ಮೋಟಾರ್ ಇರೋದು ಆ ತುದಿಯಲ್ಲಲ್ಲ, ಹೊರಗೆ ತೋಳಿನ ಮೇಲೆ. ಅಲ್ಲಿಂದ ತುದಿಯವರೆಗೆ ಸಣ್ಣ ತಂತಿಗಳು, ರಾಟೆಗಳು. ಸೈಕಲ್ ಬ್ರೇಕಿನ ಕೇಬಲ್ಲಿನ ಮೊಮ್ಮಗ ಅನ್ನಬಹುದು. ಆ ನಾಲ್ಕರ ಜೊತೆ ಮಣಿಕಟ್ಟಿನ ಎರಡು, ಹಿಡಿತದ ಒಂದು ಸೇರಿ ಏಳು. ತೋಳನ್ನ ಹೊಟ್ಟೆಯ ತೂತಿನ ಬಿಂದುವಿನ ಸುತ್ತಲೇ ತಿರುಗೋ ಹಾಗೆ ವಿನ್ಯಾಸ ಮಾಡಿರ್ತಾರೆ, ತೋಳು ಎಷ್ಟೇ ಬಾಗಿದರೂ ಆ ಒಂದು ಬಿಂದು ಕದಲಲ್ಲ. ಇಲ್ಲದಿದ್ದರೆ ಚರ್ಮ ಹರಿದೀತು. ರಿಮೋಟ್ ಸೆಂಟರ್ ಆಫ್ ಮೋಷನ್ ಅಂತ ಕ್ಲಾಸಲ್ಲಿ ಕೇಳಿದಾಗ ಆಕಳಿಸಿದ್ರೆ, ಅದರ ಬೆಲೆ ಇದು.

ಸರ್ಜನ್ ಅದೇ ಕೋಣೆಯ ಮೂಲೆಯಲ್ಲಿ ಕನ್ಸೋಲಿನೊಳಗೆ ತಲೆ ಇಟ್ಟು ಕೂತಿರ್ತಾರೆ. ಎರಡು ಕಣ್ಣಿಗೆ ಎರಡು ಚಿತ್ರ, ಹಾಗಾಗಿ ಆಳ ಗೊತ್ತಾಗತ್ತೆ, ಹತ್ತು ಪಟ್ಟು ದೊಡ್ಡದಾಗಿ. ಕೈ 3 ಸೆಂಟಿಮೀಟರ್ ಸರಿದರೆ ತುದಿ 1 ಸೆಂಟಿಮೀಟರ್ ಸರಿಯೋ ಹಾಗೆ ಸ್ಕೇಲ್ ಮಾಡಬಹುದು. ಎಂಥ ಗಟ್ಟಿ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗತ್ತೆ, ಆ ನಡುಕವನ್ನ ಯಂತ್ರ ಸೋಸಿ ಬಿಸಾಕತ್ತೆ. ಸಿಗ್ನಲ್ಸ್ ಪೇಪರಲ್ಲಿ ಬರೋ ಲೋ ಪಾಸ್ ಫಿಲ್ಟರ್ ಒಬ್ಬರ ಮಹಾಸಿರೆ ಪಕ್ಕದಲ್ಲಿ ಕೆಲಸ ಮಾಡ್ತಿರೋದು ಹೀಗೆ.

ಈಗ ಆಪರೇಷನ್ ನಡೆಯೋದನ್ನ ನೋಡೋಣ. ರೋಗಿಯನ್ನ ಪಕ್ಕಕ್ಕೆ ವಾಲಿಸಿ ಮಲಗಿಸಿ, ಹೊಟ್ಟೆಗೆ ಇಂಗಾಲದ ಡೈ ಆಕ್ಸೈಡ್ ತುಂಬಿ ಜಾಗ ಮಾಡ್ಕೊಂಡು, ದೊಡ್ಡಕರುಳನ್ನ ಮೆಲ್ಲಗೆ ಸರಿಸ್ತಾರೆ. ನಾರಿನ ಮಧ್ಯಕ್ಕೆ ನೇರ ನುಗ್ಗಲ್ಲ. ಮೂತ್ರನಾಳ ಇನ್ನೂ ಆರೋಗ್ಯವಾಗಿರೋ ಜಾಗ ಮೇಲೋ ಕೆಳಗೋ ಹುಡುಕಿ ಅಲ್ಲಿಂದ ಅದರ ಜಾಡು ಹಿಡೀತಾರೆ. ಗೊತ್ತಿರೋ ಊರಿಂದ ಗೊತ್ತಿಲ್ಲದ ಊರಿಗೆ ರಸ್ತೆ ಹಿಡಿದ ಹಾಗೆ. ನಾರಿನ ಒಂದು ತುಂಡನ್ನ ಅಲ್ಲೇ ಪೆಥಾಲಜಿಗೆ ಕಳಿಸ್ತಾರೆ. ಆಮೇಲೆ ಕವಚವನ್ನ ಮುಂಭಾಗದಲ್ಲಿ ಉದ್ದಕ್ಕೆ ಸೀಳಿ, ಎರಡು ಬದಿಗೂ ಸುಲಿದು, ಮೂತ್ರನಾಳವನ್ನ ಎತ್ತಿಕೊಳ್ತಾರೆ. ಜಾಸ್ತಿ ಸುಲಿದರೂ ಕಷ್ಟ. ಅದರ ರಕ್ತನಾಳಗಳು ಹೊರಪದರದ ಮೇಲೇ ಉದ್ದಕ್ಕೂ ಓಡ್ತವೆ, ಅವು ಕಿತ್ತರೆ ಬಿಡಿಸಿದ ನಾಳ ಒಣಗಿ ಸಾಯತ್ತೆ. ಇಲ್ಲಿ ಇಸಿಇಯವರಿಗೆ ಒಂದು ಖುಷಿ: ಇಂಡೋಸಯನಿನ್ ಗ್ರೀನ್ ಅನ್ನೋ ಬಣ್ಣವನ್ನ ರಕ್ತಕ್ಕೆ ಸೇರಿಸಿ, ಸುಮಾರು 800 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು ಬಿಟ್ಟರೆ ರಕ್ತ ಓಡ್ತಿರೋ ಭಾಗ ಪರದೆ ಮೇಲೆ ಹಸಿರಾಗಿ ಹೊಳೆಯತ್ತೆ. ಹೊಳೆಯದ ಭಾಗ ಅನುಮಾನದ ಭಾಗ. ಅದೇ ಬಣ್ಣವನ್ನ ಮೂತ್ರನಾಳದೊಳಗೆ ಬಿಟ್ಟರೆ ನಾರಿನ ಅಡಿಯಲ್ಲಿ ಅದು ಎಲ್ಲಿದೆ ಅಂತ ದಾರಿ ತೋರಿಸತ್ತೆ.

ಬಿಡಿಸಿದ್ದಾಯ್ತು ಅಂತ ಅಲ್ಲೇ ಬಿಟ್ಟರೆ ನಾರು ಮತ್ತೆ ಬಂದು ತಬ್ಬತ್ತೆ. ಅದಕ್ಕೆ ಹೊಟ್ಟೆಯೊಳಗೇ ಒಂದು ಉಪಾಯ ಇದೆ. ಜಠರದಿಂದ ಕರುಳಿನ ಮೇಲೆ ಸೆರಗಿನ ಹಾಗೆ ಇಳಿಬಿದ್ದಿರೋ ಕೊಬ್ಬಿನ ಪದರ, ಓಮೆಂಟಮ್. ಅದಕ್ಕೆ ತನ್ನದೇ ರಕ್ತ ಸರಬರಾಜು ಇದೆ. ಆ ಸೆರಗಿನ ಒಂದು ಅಂಚನ್ನ ಎಳೆದು ತಂದು ಮೂತ್ರನಾಳಕ್ಕೆ ಸುತ್ತಿ ಹೊಲಿದುಬಿಡ್ತಾರೆ. ನಾರಿಗೂ ನಾಳಕ್ಕೂ ನಡುವೆ ಮೆತ್ತನೆ ಬೇಲಿ, ಒಳಗೆ ಪಂಪು ಆಡೋಕೆ ಜಾಗ. ಈ ಹೊಲಿಗೆಯ ಹೊತ್ತಿಗೇ ಮಣಿಕಟ್ಟು ಇರೋ ತೋಳು ದೋಟಿಗಿಂತ ಎಷ್ಟು ಮುಂದೆ ಅಂತ ಗೊತ್ತಾಗೋದು.

ಇಷ್ಟೆಲ್ಲ ಹೊಗಳಿದ ಮೇಲೆ ಕಿತ್ಕೊಂಡದ್ದನ್ನೂ ಹೇಳಬೇಕು. ಹಲಸಿನ ಹಣ್ಣಿನ ತೊಳೆಯನ್ನ ನಾರಿನಿಂದ ಬಿಡಿಸೋವಾಗ ಕಣ್ಣು ಎಷ್ಟು ಕೆಲಸ ಮಾಡತ್ತೆ, ಬೆರಳು ಎಷ್ಟು? ನಮ್ಮ ಅಜ್ಜಿಯರು ಟಿವಿ ನೋಡ್ಕೊಂಡೇ ಬಿಡಿಸ್ತಾರೆ. ಬೆರಳಿಗೆ ಗೊತ್ತು, ಎಲ್ಲಿ ಮೆತ್ತಗೆ, ಎಲ್ಲಿ ಬಿಗಿ, ಎಲ್ಲಿ ಇನ್ನು ಎಳೆದರೆ ಹರಿಯತ್ತೆ ಅಂತ. ಫೈಬ್ರೋಸಿಸ್ ಅನ್ನೋದೇ ಗಟ್ಟಿತನದ ಕಾಯಿಲೆ. ಹೊಟ್ಟೆ ತೆರೆದು ಮಾಡ್ತಿದ್ದ ಕಾಲದಲ್ಲಿ ಸರ್ಜನ್ ಅದನ್ನ ಮುಟ್ಟಿ ತಿಳೀತಿದ್ದರು. ರೋಬೋಟ್ ಬಂದು ಅದೇ ಸ್ಪರ್ಶವನ್ನ ತೆಗೆದುಹಾಕಿತು. ಡಾ ವಿಂಚಿಯ ಎರಡು ದಶಕದ ಯಂತ್ರಗಳಲ್ಲಿ ತುದಿಗೆ ತಾಗಿದ ಬಲ ಸರ್ಜನ್ನಿನ ಬೆರಳಿಗೆ ವಾಪಸ್ ಬರ್ತಿರಲಿಲ್ಲ. ಅಂಗಾಂಶ ಎಷ್ಟು ಬಿಳಿಚಿತು, ಎಷ್ಟು ಹಿಗ್ಗಿತು, ದಾರ ಎಷ್ಟು ಬಿಗಿಯಾಯ್ತು ಅಂತ ಕಣ್ಣಲ್ಲೇ ಅಳೆದು ಅವರು ಅಭ್ಯಾಸ ಮಾಡ್ಕೊಂಡರು. ಬಲ ತಿಳಿಸೋ ಉಪಕರಣಗಳಿರೋ ಡಾ ವಿಂಚಿ 5ಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಬೇರೆ ಕೆಲವು ಯಂತ್ರಗಳಲ್ಲಿ ಮೊದಲೇ ಒಂದು ಮಟ್ಟಿಗೆ ಇತ್ತು.

ಇಷ್ಟು ತಡ ಯಾಕೆ? ಕುದಿಸಿ, ಆವಿಯಲ್ಲಿ ಬೇಯಿಸಿ ಶುದ್ಧ ಮಾಡಬೇಕಾದ, 8 ಮಿಲಿಮೀಟರಿನ ತುದಿಯಲ್ಲಿ ಕೂರಬೇಕಾದ, ತೇವದಲ್ಲಿ, ವಿದ್ಯುತ್ತಿನಿಂದ ಅಂಗಾಂಶ ಸುಡೋ ಜಾಗದ ಪಕ್ಕದಲ್ಲೇ ನಂಬಿಕಸ್ತವಾಗಿರಬೇಕಾದ ಸೆನ್ಸರ್ ಮಾಡೋದು ಸುಲಭ ಅಲ್ಲ. ಸೆನ್ಸರನ್ನ ತುದಿಯಲ್ಲಿಡದೆ ಹೊರಗಿನ ಮೋಟಾರಿನ ಕರೆಂಟ್ ನೋಡಿ ಬಲ ಲೆಕ್ಕ ಹಾಕೋಣ ಅಂದ್ರೆ, ಆ ಉದ್ದ ತಂತಿಗಳ ಘರ್ಷಣೆ, ಹಿಗ್ಗುವಿಕೆ ಎಲ್ಲ ಸೇರಿ ಲೆಕ್ಕ ಕೆಡಿಸ್ತವೆ. ವಾಪಸ್ ಕಳಿಸೋ ಬಲದಲ್ಲಿ ಸ್ವಲ್ಪ ವಿಳಂಬ ಆದ್ರೂ ಇಡೀ ಲೂಪ್ ಅಲುಗಾಡೋಕೆ ಶುರುವಾಗಬಹುದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಸ್ಟೆಬಿಲಿಟಿ ಅನ್ನೋ ಪದ ಇಲ್ಲಿ ಬೇರೆ ಥರ ಕೇಳಿಸತ್ತೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೊಂದು ಲೈನ್ ಫಾಲೋವರ್ ಮಾಡೋ ಮುಂಚೆ ಇದನ್ನೊಮ್ಮೆ ಯೋಚಿಸಬಹುದು. ಗಡುಸು ಮತ್ತು ಮೆತ್ತನೆ ಸಿಲಿಕೋನ್ ತುಂಡುಗಳನ್ನ ತಂತಿ ಎಳೆಯೋ ಚಿಮಟ ಒಂದು ಬೇರ್ಪಡಿಸಿ ಹೇಳಿದರೂ ಸಾಕು. ಗುರುಗ್ರಾಮದ ಎಸ್‌ಎಸ್‌ ಇನ್ನೋವೇಷನ್ಸ್ ಸಂಸ್ಥೆಯ ಮಂತ್ರ ಅನ್ನೋ ಯಂತ್ರ ಬಂದ ಮೇಲೆ ಸರ್ಜಿಕಲ್ ರೋಬೋಟ್ ಅಂದ್ರೆ ವಿದೇಶದ್ದೇ ಅನ್ನೋ ಮಾತೂ ಉಳಿದಿಲ್ಲ.

ದುಡ್ಡಿನ ಮಾತು. ಯಂತ್ರ ಕೋಟಿಗಟ್ಟಲೆ ಬೆಲೆಯದ್ದು. ಅದರ ಎಷ್ಟೋ ಉಪಕರಣಗಳ ಒಳಗೆ ಎಣಿಕೆ ಇರತ್ತೆ, ನಿಗದಿತ ಸಲ ಬಳಸಿದ ಮೇಲೆ ಯಂತ್ರವೇ ಅದನ್ನ ಒಪ್ಪಲ್ಲ, ಹೊಸದು ತರಬೇಕು. ಈ ಖರ್ಚೆಲ್ಲ ಬಿಲ್ಲಿಗೆ ಬರತ್ತೆ. ಆರೋಗ್ಯ ವಿಮೆಗಳು ರೋಬೋಟಿಕ್ ಸರ್ಜರಿಯನ್ನ ಆಧುನಿಕ ಚಿಕಿತ್ಸೆ ಅಂತ ಪರಿಗಣಿಸಬೇಕು ಅಂತ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ನಿಯಮಗಳು ಹೇಳಿದ್ದವು. ಆದರೆ ಅದಕ್ಕೆ ಬೇರೆ ಮಿತಿ ಹಾಕೋ ಅವಕಾಶವನ್ನೂ ಕೊಟ್ಟಿದ್ದವು. ಐದು ಲಕ್ಷದ ಪಾಲಿಸಿ ಇದೆ ಅಂದ ಮಾತ್ರಕ್ಕೆ ಐದೂ ಲಕ್ಷ ಸಿಗತ್ತೆ ಅಂತಲ್ಲ, ಸಬ್ ಲಿಮಿಟ್ ಅನ್ನೋ ಸಣ್ಣಕ್ಷರದ ಸಾಲು ಹುಡುಕಿ ಓದಿ. ಈ ಕಾಯಿಲೆ ಇಷ್ಟು ಅಪರೂಪವಾದ್ದರಿಂದ ಹೊಟ್ಟೆ ತೆರೆದು ಮಾಡೋದು, ಲ್ಯಾಪರೋಸ್ಕೋಪಿ, ರೋಬೋಟ್ ಮೂರನ್ನೂ ನೂರಾರು ರೋಗಿಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದ ದೊಡ್ಡ ಪ್ರಯೋಗಗಳೂ ಇಲ್ಲ. ಸಣ್ಣ ಸಣ್ಣ ವರದಿಗಳು ರಕ್ತಸ್ರಾವ ಕಮ್ಮಿ, ಬೇಗ ಮನೆಗೆ ಹೋಗ್ತಾರೆ ಅಂತ ಹೇಳ್ತವೆ. ನಮ್ಮ ಅಭಿಪ್ರಾಯ ಕೇಳಿದರೆ, ಯಂತ್ರ ಯಾವುದು ಅಂತ ಕೇಳೋ ಮುಂಚೆ ಆ ಸರ್ಜನ್ ಇಂಥ ಎಷ್ಟು ಮೂತ್ರನಾಳ ಬಿಡಿಸಿದ್ದಾರೆ, ಮಾತ್ರೆ ಕೊಟ್ಟು ನೋಡೋಕೆ ಆಗತ್ತಾ ಅನ್ನೋ ಎರಡು ಪ್ರಶ್ನೆ ಕೇಳಬೇಕು. ಎರಡನೇ ಅಭಿಪ್ರಾಯ ಬೇಕಂದ್ರೆ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ವಿಜಯನಗರದಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರೆ ಸಾಕು.

ಆಪರೇಷನ್ ಆಯ್ತು ಅಂದ್ರೆ ಕಾಯಿಲೆ ಮುಗೀತು ಅಂತಲ್ಲ. ನಾಳ ಬಿಡಿಸಿದ್ದಾರೆ, ನಾರು ಬೆಳೆಸಿದ ಕಾರಣ ಒಳಗೇ ಇರಬಹುದು. ಎಷ್ಟೋ ಜನಕ್ಕೆ ಮಾತ್ರೆ ಮುಂದುವರೀತದೆ. ಇಎಸ್‌ಆರ್, ಕ್ರಿಯಾಟಿನಿನ್, ಅಲ್ಟ್ರಾಸೌಂಡ್ ವರ್ಷಗಟ್ಟಲೆ ನಡೀತವೆ, ಯಾಕಂದ್ರೆ ಇದು ಮರುಕಳಿಸೋ ಸ್ವಭಾವದ್ದು. ಪಂಪು ನಿಜವಾಗ್ಲೂ ಓಡ್ತಿದ್ಯಾ ಅಂತ ನೋಡೋಕೆ ರೀನೋಗ್ರಾಮ್ ಅನ್ನೋ ಸ್ಕ್ಯಾನ್ ಇದೆ. ಸ್ವಲ್ಪವೇ ಸ್ವಲ್ಪ ವಿಕಿರಣಶೀಲ ದ್ರವ ಸೂಜಿಯಲ್ಲಿ ಕೊಟ್ಟು, ಎರಡೂ ಕಿಡ್ನಿ ಅದನ್ನ ಎಷ್ಟು ಹೊತ್ತಿನಲ್ಲಿ ಹೊರಹಾಕತ್ತೆ ಅಂತ ಗ್ರಾಫ್ ತೆಗೀತಾರೆ. ಇಳಿಯೋ ಗೆರೆ ಚೆನ್ನಾಗಿ ಇಳಿದರೆ ನಾಳ ಮತ್ತೆ ಹಿಸುಕ್ತಿದೆ ಅಂತ.

ಕೊನೆಗೊಂದು. ಆಪರೇಷನ್ ಹೊತ್ತಲ್ಲಿ ಒಳಗೆ ಬಿಟ್ಟ ಆ ಡಿಜೆ ಸ್ಟೆಂಟನ್ನ ಕೆಲವು ವಾರ ಆದ ಮೇಲೆ ತೆಗೆಸಬೇಕು. ನೋವು ಹೋಗಿರತ್ತೆ, ಕೆಲಸಕ್ಕೆ ವಾಪಸ್ ಹೋಗಿರ್ತಾರೆ, ಸ್ಟೆಂಟ್ ಒಳಗಿದೆ ಅನ್ನೋದೇ ಮರೆತುಹೋಗತ್ತೆ. ವರ್ಷಗಟ್ಟಲೆ ಮರೆತ ಸ್ಟೆಂಟಿನ ಮೇಲೆ ಕಲ್ಲು ಕಟ್ಟಿ, ಅದನ್ನ ಒಡೆದು ತೆಗೆಯೋದೇ ಇನ್ನೊಂದು ದೊಡ್ಡ ಆಪರೇಷನ್ ಆಗಿರೋ ಪ್ರಕರಣಗಳು ಯುರಾಲಜಿ ವಾರ್ಡುಗಳಲ್ಲಿ ಹೊಸದಲ್ಲ. ಮನೆಯಲ್ಲಿ ಯಾರಿಗಾದ್ರೂ ಸ್ಟೆಂಟ್ ಹಾಕಿದ್ದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ತೆಗೆಸೋ ದಿನಾಂಕ ಬರೆದಿರತ್ತೆ. ಅದನ್ನ ನಿಮ್ಮ ಫೋನಲ್ಲಿ ರಿಮೈಂಡರ್ ಹಾಕ್ಕೊಳ್ಳಿ, ಅಮ್ಮನಿಗೆ ಹೇಳಿ ಅಡುಗೆಮನೆ ಕ್ಯಾಲೆಂಡರಿನಲ್ಲೂ ಗುರುತು ಹಾಕಿಸಿ.